ಸಮಸ್ಯೆ: ಹಡಗು ನಿಂತಿತು, ದಡವೆ ಹೊರಟಿತು

ಗೆಳೆಯರೇ, ಈ ಸಲದ ಸಮಸ್ಯೆ, ಅಂದರೆ ನೀವು ಪದ್ಯ ಕಟ್ಟಿ ಮುಗಿಸಬೇಕಾದ ಕೊನೆಯ ಸಾಲು, ಮೇಲಿದೆ. ಸನ್ನಿವೇಶ ಹೀಗೆ: 1879ರ ಮಾರ್ಚ್. ಫಿಜಿಯ ತೋಟಗಳಿಗೆ ಕೂಲಿ ಜನರನ್ನು ತುಂಬಿಕೊಂಡು ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತೆ ಬಿಡುತ್ತಿದೆ. ಫಿಜಿಗೆ ಹಾಗೆ ಹೋದ ಮೊದಲ ಹಡಗು ಅದೇ. 1916ರ ಹೊತ್ತಿಗೆ ಹೋದವರು 60,000ಕ್ಕೂ ಜಾಸ್ತಿ. ಗಿರ್ಮಿಟ್ ಅಂದರೆ ನಮಗೆ ಮಂಡಕ್ಕಿ ನೆನಪಾಗುತ್ತದೆ, ಅಲ್ವಾ? ಅವರಿಗೆ ಅದು ಹೆಬ್ಬೆಟ್ಟು ಒತ್ತಿದ ಐದು ವರ್ಷದ ಕರಾರು. 'ಅಗ್ರಿಮೆಂಟ್' ಅನ್ನುವುದೇ ಬಾಯಲ್ಲಿ ಸವೆದು ಹಾಗಾಯಿತು.

ಭಾಮಿನಿ ಷಟ್ಪದಿಯ ನಡೆ, ಮಾತ್ರೆಗಳು ಮೂರು-ನಾಲ್ಕು, ಮೂರು-ನಾಲ್ಕು. ಆದಿಪ್ರಾಸ 'ಡ', ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ. ನಿಮ್ಮ ಪೂರಣಗಳನ್ನು (ಸಮಸ್ಯೆ ತುಂಬಿದ ಪದ್ಯಗಳನ್ನು) ಸೇರಿಸಿ ಒಂದು ಹಾಡು ಕಟ್ಟುವ ಆಸೆ ನನಗೆ. ಸಮಸ್ಯೆಯ ಸಾಲೇ ಪಲ್ಲವಿ.

— ಮೇಷ್ಟ್ರೇ, ನನ್ನದು:

ಕಡಲ ತೆರೆಗಳು ಮೊರೆಯುತಿದ್ದವು
ನುಡಿಯನರಿಯದ ಪಕ್ಕದಾಕೆಯು
ಹಿಡಿದಳೆನ್ನಯ ನಡುಗು ಕೈಯನು
ಹಡಗು ನಿಂತಿತು, ದಡವೆ ಹೊರಟಿತು!

— ತಂಗಿ, ಮೂರನೇ ಸಾಲಿಗೆ ಗಂಟಲು ಕಟ್ಟಿತು. ಮೊದಲನೆಯದು ಮಾತ್ರ ಬದಲಿಸಮ್ಮ. ಕಲ್ಕತ್ತೆ ಬಂದರು ಇರುವುದು ಹೂಗ್ಲಿ ನದಿಯಲ್ಲಿ. ಅಲ್ಲಿಂದ ಕಡಲಿಗೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಹಾಯಿ ಹಡಗನ್ನು ಒಂದು ಸಣ್ಣ ಉಗಿಹಡಗು ನಿಧಾನಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಹೊಯ್ದಾಟ ಇಲ್ಲ, ಎರಡೂ ಕಡೆ ದಡ ಕಾಣುತ್ತದೆ. ಅದಕ್ಕೇ ನಾವು ನಿಂತ ಹಾಗೆ, ದಡವೇ ಸರಿದ ಹಾಗೆ. ತೆರೆ ಮೊರೆದರೆ ಸಮಸ್ಯೆಯ ಕೀಲೇ ಕಳಚುತ್ತದೆ.

— ಹೌದು ಮೇಷ್ಟ್ರೇ, ನದಿ ಅಂದ ಮೇಲೆ ದಡದ ಸದ್ದು ಕೇಳಲೇಬೇಕು. 'ಗುಡಿಯ ಗಂಟೆಯು ಸಣ್ಣಗಾಯಿತು' ಅಂತ ಮಾಡಿದೆ. ಪಕ್ಕದಾಕೆಯನ್ನು ಮಾತ್ರ ಬಿಡಲಾರೆ. ಒಂದೇ ಹಡಗಿನಲ್ಲಿ ಹೋದವರು ಜಾತಿ, ಊರು ನೋಡದೆ 'ಜಹಾಜಿ ಭಾಯಿ', ಅಂದರೆ ಹಡಗಿನ ಅಣ್ಣತಮ್ಮ, ಅಂತ ನಂಟು ಬೆಳೆಸಿದರು. ಆ ನಂಟು ಶುರುವಾದದ್ದು ಇಂಥ ಒಂದು ಕೈಯಿಂದಲೇ ಇರಬೇಕು.

— ಅಕ್ಕಾ, ನಿಮ್ಮದರ ಮುಂದೆ ಇದನ್ನೂ ಇಡುತ್ತೇನೆ:

ಕಡೆಯ ಮೆಟ್ಟಿಲ ಹತ್ತಿ ನಿಂತೆನು
ಮಡಿಲ ಗಂಟನು ಒತ್ತಿ ಹಿಡಿಯುತ
ಒಡಲು ಇಲ್ಲೇ, ಉಸಿರು ಅಲ್ಲೇ
ಹಡಗು ನಿಂತಿತು, ದಡವೆ ಹೊರಟಿತು!

— ಸುಮ್ನೆ ಓದಬೇಡಿ, ಹಾಡಿ ನೋಡಿ. 'ಇಲ್ಲೇ', 'ಅಲ್ಲೇ' ಎರಡನ್ನೂ ಎಳೆದಾಗ ನಡುವೆ ನೀರು ಅಗಲವಾಗುತ್ತಾ ಹೋಗುತ್ತದೆ. ಇದು ಮೊದಲ ಚರಣ, ತಂಗಿಯದು ಎರಡನೆಯದು.

ಇನ್ನೊಂದು ಚರಣ ಬಾಕಿ. ಮೇ 14ಕ್ಕೆ ಹಡಗು ಫಿಜಿಯ ಲೆವುಕಾ ಮುಟ್ಟಿತು. ಜನರನ್ನು ಇಳಿಸಿ ತನ್ನ ದಾರಿ ಹಿಡಿಯಿತು. ಅಲ್ಲಿ ಪಲ್ಲವಿಯನ್ನೇ ತಿರುಗಿಸೋಣ: 'ಹಡಗು ಹೊರಟಿತು, ದಡವೆ ನಿಂತಿತು'. ಯಾರು ಬರೆಯುತ್ತೀರಿ?