ಸಹಾಯ ಬೇಕು: ಜಾಝ್ ಪಿಯಾನೊಗೆ ಹೊಸಬರು, ಮೂರನೇ ಆಲ್ಬಂ ಯಾವುದು ಕೊಡೋಣ?

ಎಲ್ಲರಿಗೂ ನಮಸ್ಕಾರ. ಹಾಸನದ ಪರಿಚಯದವರೊಬ್ಬರು ಜಾಝ್ ಪಿಯಾನೊ ಕೇಳೋಕೆ ಶುರುಮಾಡುತ್ತಿದ್ದಾರೆ. ಕರ್ನಾಟಕ ಸಂಗೀತ ಕಲಿತವರು, ತಾಳ ಗಟ್ಟಿ. ಎಲೆಕ್ಟ್ರಿಕ್ ಪಿಯಾನೊ, ಸಿಂಥಸೈಜರ್ ಬೇಡ ಅಂದಿದ್ದಾರೆ. ಅವರಿಗೆ ಮೂರು ಆಲ್ಬಂ ಕೊಡೋಣ ಅಂತಿದ್ದೇನೆ.

ಮೊದಲನೆಯದು ನಿರ್ಧಾರವಾಗಿದೆ: ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಅವರ ಟ್ರಯೊದ (ಮೂವರ ತಂಡ) 'ನೈಟ್ ಟ್ರೇನ್' (1963). ಹೆಚ್ಚಿನವು ಚಿಕ್ಕ ಚಿಕ್ಕ ಟ್ರ್ಯಾಕ್‌ಗಳು. ಅದರಲ್ಲೂ 'ಸಿ ಜ್ಯಾಮ್ ಬ್ಲೂಸ್' ಮೊದಲು ಕೇಳಿಸಬೇಕು. ಪಲ್ಲವಿಯಂತಿರುವ ಮೂಲ ಧಾಟಿಯಲ್ಲಿ ಇರೋದು ಎರಡೇ ಸ್ವರ, ಪ ಮತ್ತು ಮೇಲಿನ ಸ. ಆವರ್ತ 12 ಬಾರ್ (ತಾಳದ ಸಮಭಾಗಗಳು), ಒಂದೊಂದು ಬಾರ್‌ಗೆ 4 ಎಣಿಕೆ, ಒಟ್ಟು 48. ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ಸೋಲೊ (ಒಬ್ಬರು ಮನೋಧರ್ಮದಿಂದ ನುಡಿಸುವ ಭಾಗ) ನಡುವೆಯೂ ಆವರ್ತ ಎಲ್ಲಿ ತಿರುಗಿತು ಅಂತ ಸಿಕ್ಕೇ ಸಿಗುತ್ತದೆ. ಹೊಸಬರು ಕಳೆದುಹೋಗೋದೇ ಅಲ್ಲಿ.

ಎರಡನೆಯದು ಬಿಲ್ ಇವಾನ್ಸ್ ಟ್ರಯೊದ 'ವಾಲ್ಟ್ಸ್ ಫಾರ್ ಡೆಬಿ'. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಆದ ಲೈವ್ ರೆಕಾರ್ಡಿಂಗ್. ಸ್ಕಾಟ್ ಲಫಾರೊ ಅವರ ಡಬಲ್ ಬಾಸ್ (ಕೆಳ ನಾದದ ದೊಡ್ಡ ತಂತಿವಾದ್ಯ) ಇಲ್ಲಿ ಪಿಯಾನೊ ಜತೆ ಮಾತಾಡುತ್ತದೆ. ಫೋನ್ ಸ್ಪೀಕರ್‌ನಲ್ಲಿ ಕೇಳಿಸಬೇಡಿ. ಡಬಲ್ ಬಾಸ್‌ನ ಕೆಳತಂತಿ ಸುಮಾರು 41 ಹರ್ಟ್ಸ್. ಅಷ್ಟು ಕೆಳಗಿನ ನಾದ ಆ ಪುಟ್ಟ ಸ್ಪೀಕರಿಗೆ ಎಟುಕೋದಿಲ್ಲ, ಅರ್ಧ ಸಂಭಾಷಣೆಯೇ ಮಾಯ.

ಗೊಂದಲ ಮೂರನೆಯದರಲ್ಲಿ. ಕೀತ್ ಜಾರೆಟ್ ಅವರ 'ಕಲೋನ್ ಕನ್ಸರ್ಟ್' (1975) ಒಂಟಿ ಪಿಯಾನೊ, ಪೂರ್ತಿ ಮನೋಧರ್ಮ, ಆದರೆ ಮೊದಲ ಭಾಗವೇ ಸುಮಾರು 26 ನಿಮಿಷ. ಇನ್ನೊಬ್ಬ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ಅವರ ಒಂಟಿ ಪಿಯಾನೊ ಆಲ್ಬಂ ಕೊಡೋಣವೆಂದರೆ ಬೇಕೆಂದೇ ಬಾರಿಸುವ ಒರಟು ಸ್ವರಗಳು ಅಪಸ್ವರ ಅನ್ನಿಸೀತು. ಆಲಾಪನೆ ಕೇಳಿ ಪಳಗಿದ ಕಿವಿಗೆ ಜಾರೆಟ್ ಹತ್ತಿರ ಅಂತ ನನಗನ್ನಿಸುತ್ತದೆ. ನೀವೇನಂತೀರಿ? ಕಾರಣ ಸಮೇತ ಹೇಳಿ. ಹಾಸನ, ಚಿಕ್ಕಮಗಳೂರು ಕಡೆ ಯಾರ ಬಳಿಯಾದರೂ ಇವುಗಳ ಸಿಡಿ ಇದ್ದರೆ ಎರಡು ವಾರಕ್ಕೆ ಎರವಲು ಬೇಕಿತ್ತು.