ಜಗಲಿಯ ವೈಫೈ ಉಪ್ಪರಿಗೆಗೆ ಹತ್ತುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಹತ್ತಿರ ಹಳೇ ಮನೆ. ಫೈಬರ್ ಕನೆಕ್ಷನ್ ಇದೆ, ರೂಟರ್ ಜಗಲಿಯಲ್ಲಿದೆ. ಅಲ್ಲಿನ ಕಂಪ್ಯೂಟರ್‌ಗೆ 50 ಎಂಬಿಪಿಎಸ್ ಬರುತ್ತದೆ. ಉಪ್ಪರಿಗೆಯಲ್ಲಿ ಮಗಳ ಲ್ಯಾಪ್‌ಟಾಪ್‌ಗೆ 3 ಸಿಕ್ಕರೆ ಹೆಚ್ಚು. ಮೀಟಿಂಗ್ ಇದ್ದರೆ ಕೆಳಗೆ ಬಂದು ಕೂರುತ್ತಾಳೆ, ಪಕ್ಕದಲ್ಲೇ ಅಡಕೆ ಸುಲಿಯುವವರ ಮಾತುಕತೆ! ಪ್ಲಾನ್ 100ಕ್ಕೆ ಏರಿಸಬೇಕಾ, ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಎಕ್ಸ್‌ಟೆಂಡರ್ ಹಾಕಬೇಕಾ? ಹಳೇ ರೂಟರ್ ಒಂದು ಸುಮ್ನೆ ಬಿದ್ದಿದೆ.

ಉತ್ತರ: ಪ್ಲಾನ್ ಏರಿಸಬೇಡಿ. ಜಗಲಿಗೆ 50 ಬರ್ತಿದೆ ಅಂದ್ಮೇಲೆ ಲೈನ್ ಸರಿಯಾಗಿಯೇ ಇದೆ. ನುಂಗುತ್ತಿರುವುದು ಗೋಡೆ. ನಮ್ಮ ಕಡೆಯ ಹಳೇ ಮನೆ ಅಂದರೆ ದಪ್ಪ ಮಣ್ಣಿನ ಗೋಡೆ, ಇಲ್ಲವೇ ಜಂಬಿಟ್ಟಿಗೆ. ಮಳೆಗಾಲದಲ್ಲಿ ತೇವ ಹಿಡಿದರೆ ಇನ್ನೂ ಕಷ್ಟ. 5 ಗಿಗಾಹರ್ಟ್ಸ್ ವೈಫೈ ವೇಗ ಜಾಸ್ತಿ, ಆದರೆ ಇಂಥ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರ್‌ನ ಇನ್ನೊಂದು ವೈಫೈ, 2.4 ಗಿಗಾಹರ್ಟ್ಸ್‌ನದು, ಸ್ವಲ್ಪ ಗಟ್ಟಿ. ಮೊದಲು ಮಗಳ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಆರಿಸಿ ನೋಡಿ. ರೂಟರ್ ಕಬ್ಬಿಣದ ಬೀರು ಹಿಂದೆ ಇದ್ದರೆ ಈಚೆ ತನ್ನಿ. ಖರ್ಚಿಲ್ಲದ ಕೆಲಸ ಅಲ್ವಾ?

ಎಕ್ಸ್‌ಟೆಂಡರ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ. ಅಗ್ಗದವು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಕಳಿಸುತ್ತವೆ, ವೇಗ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಹಳೇ ರೂಟರೇ ಸಾಕು. ಜಗಲಿಯಿಂದ ಅಟ್ಟದ ಮೇಲೆ ಹಾಯಿಸಿ ಉಪ್ಪರಿಗೆಗೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ ಎಳೆದು, ಆ ತುದಿಗೆ ಹಳೇ ರೂಟರ್ ಕೂರಿಸಿ. 100 ಮೀಟರ್‌ವರೆಗೆ ತೊಂದರೆ ಇಲ್ಲ. ಪೈಪಿನೊಳಗೆ ಹಾಕಿ, ಇಲ್ಲದಿದ್ದರೆ ಇಲಿಗೆ ಹಬ್ಬ.

ಕೇಬಲ್ ಚುಚ್ಚುವ ಮೊದಲು ಹಳೇ ರೂಟರ್‌ನಲ್ಲಿ ಎರಡು ಬದಲಾವಣೆ ಮಾಡಿ. ಜಗಲಿಯ ರೂಟರ್ ವಿಳಾಸ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ ಆಫ್ ಮಾಡಿ, ಮನೆಗೆ ವಿಳಾಸ ಹಂಚುವ ಯಜಮಾನ ಒಬ್ಬನೇ ಇರಲಿ. ಆಮೇಲೆ ಕೇಬಲ್ಲನ್ನು ಲ್ಯಾನ್ ಪೋರ್ಟ್‌ಗೆ, ಅಂದರೆ ಮನೆಯೊಳಗಿನ ಕಂಪ್ಯೂಟರ್ ಜೋಡಿಸುವ ಕಿಂಡಿಗೆ ಹಾಕಿ. ಹೊರಗಿನ ಇಂಟರ್ನೆಟ್ ಲೈನ್‌ಗೆಂದು ಇರುವ ವ್ಯಾನ್ ಪೋರ್ಟ್‌ಗೆ ಹಾಕಿಕೊಂಡು "ಬರ್ತಿಲ್ಲ ಸರ್" ಅಂತ ಫೋನ್ ಮಾಡುವವರೇ ಜಾಸ್ತಿ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ. ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರದಂತೆ 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಇಡಿ.

ಪ್ರಶ್ನೆ: 2.4ರಲ್ಲಿ 9 ಬಂತು ಸರ್, ಆದರೂ ಕೇಬಲ್ ಎಳೆಸುತ್ತೇನೆ. ಹಾಗೇ ಅಂಗಳ ದಾಟಿಸಿ ಅಡಕೆ ಗೋದಾಮಿಗೂ ಒಂದು ಎಳೆಯಬಹುದಾ?

ಉತ್ತರ: ಅಂಗಳದ ಮೇಲೆ ತಾಮ್ರದ ಕೇಬಲ್ ಬೇಡವೇ ಬೇಡ. ಏಪ್ರಿಲ್-ಮೇ ಗುಡುಗು ನಿಮಗೆ ಗೊತ್ತೇ ಇದೆ. ಹತ್ತಿರ ಸಿಡಿಲು ಬಿದ್ದರೆ ಆ ತಂತಿಯಲ್ಲೇ ಕರೆಂಟ್ ನುಗ್ಗಿ ಎರಡೂ ಕಡೆಯ ಪೆಟ್ಟಿಗೆ ಸುಡುತ್ತದೆ. ಅಲ್ಲಿಗೆ ಕಬ್ಬಿಣದ ತಂತಿ ಇಲ್ಲದ ಫೈಬರ್ ಎಳೆದು, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಬೆಸೆಯುವ ಪುಟ್ಟ ಪೆಟ್ಟಿಗೆ) ಹಾಕಿಸಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಮನೆಯೊಳಗೂ ಅಷ್ಟೇ, ಮೋಡ ಕಪ್ಪಾದಾಗ ಪ್ಲಗ್ ಜೊತೆ ಲ್ಯಾನ್ ಕೇಬಲ್ಲೂ ಕೀಳಿ. "ಪ್ಲಗ್ ತೆಗೆದಿದ್ದೆವಲ್ಲ ಸರ್" ಅಂತ ಹೇಳಿಕೊಂಡು ಸುಟ್ಟ ರೂಟರ್ ತರುವವರು ಪ್ರತಿ ವರ್ಷ ಇರುತ್ತಾರೆ.