ಪದಚರ್ಚೆ: 'ಮುಳ್ಳುಬಾದಾಮಿ' ಅನ್ನಬಹುದೇ?

ಇರಾನಿನ ಜಾಗ್ರೋಸ್ ಬೆಟ್ಟಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಣ ಇಳಿಜಾರಿನ ಒಂದು ಪೊದೆ ಬರುತ್ತದೆ: ಪ್ರೂನಸ್ ಲೈಸಿಯಾಯ್ಡಿಸ್, ಫಾರ್ಸಿಯಲ್ಲಿ ತಂಗ್ರಸ್. ಮೈತುಂಬ ಮುಳ್ಳು, ಚಿಕ್ಕ ಕಾಯಿ, ಕಹಿ ಬೀಜ. ಚಿತ್ರದ ಕೆಳಗೆ ಹಾಕಲು ಹೆಸರು ಬೇಕು. ಸಂಜೆಯೊಳಗೆ ಪುಟ ಹೋಗಬೇಕು. 'ಕಾಡುಬಾದಾಮಿ' ಸಾಕಾ?

ಉತ್ತರ 1:
ಸಾಲದು. ಕಾಡುಬಾದಾಮಿ ಅಂದರೆ ನಮ್ಮವರಿಗೆ ನೆನಪಾಗುವುದು ಬೀದಿ ಬದಿಯ ಅಗಲ ಎಲೆಯ ಮರ. ಎಲೆ ಕೆಂಪಾಗಿ ಉದುರುತ್ತದಲ್ಲ, ಅದು. ಟರ್ಮಿನೇಲಿಯಾ. ಅದಕ್ಕೂ ಬಾದಾಮಿಗೂ ನೆಂಟಸ್ತಿಕೆಯೇ ಇಲ್ಲ. ನಿಮ್ಮದು ಬಾದಾಮಿಯ ಸ್ವಂತ ದಾಯಾದಿ. 'ಕಹಿಬಾದಾಮಿ'ಯೂ ಬೇಡ, ತೋಟದ ಬಾದಾಮಿಯಲ್ಲೇ ಕಹಿ ಬಗೆಯೊಂದಿದೆ. ಮುಳ್ಳುಬಾದಾಮಿ ಅನ್ನಿ. ಬೀಜದಲ್ಲಿ ಅಮಿಗ್ಡಲಿನ್ ಇರುತ್ತದೆ, ಜಗಿದರೆ ಸೈನೈಡ್ ಹುಟ್ಟುತ್ತದೆ. ಅದನ್ನೂ ಒಂದು ಸಾಲು ಬರೆಯಿರಿ.

ಉತ್ತರ 2:
ಮುಳ್ಳು ಕನ್ನಡ, ಬಾದಾಮಿ ಫಾರ್ಸಿ. ಅರಿಸಮಾಸ. 'ಮುಳ್ಳುಬೀಜ' ಅನ್ನಿ, ಮುಗಿಯಿತು.

ಉತ್ತರ 3:
ಮುಳ್ಳುಬೀಜ ಅಂದರೆ ಬೀಜಕ್ಕೇ ಮುಳ್ಳು ಅಂತಾಗುತ್ತದೆ. ಕೇಶಿರಾಜ ಅರಿಸಮಾಸ ಅಂದದ್ದು ಸಂಸ್ಕೃತ-ಕನ್ನಡದ ಬೆರಕೆಗೆ. ಅಲ್ಲೂ ಬಿರುದಾವಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟ. ಬಾದಾಮಿಹಾಲು ಕುಡಿಯುವಾಗ ನಿಮಗೆ ಸಮಾಸ ಗಂಟಲಲ್ಲಿ ಸಿಕ್ಕಿಕೊಂಡಿತ್ತೇ?

ಉತ್ತರ 4:
ಬಾದಾಮಿ ಫಾರ್ಸಿ ಅಂತ ಯಾರು ಹೇಳಿದ್ದು? ಚಾಲುಕ್ಯರ ಊರೇ ಇದೆಯಲ್ಲ. ಪದ ಇಲ್ಲಿಂದಲೇ ಅಲ್ಲಿಗೆ ಹೋಗಿದೆ.

ಉತ್ತರ 3:
ಊರು ಬೇರೆ, ಕಾಯಿ ಬೇರೆ. ಒಂದನೆಯ ಪುಲಕೇಶಿಯ 543ರ ಬಂಡೆ ಶಾಸನದಲ್ಲಿ ಆ ಊರು ವಾತಾಪಿ. ಕಾಯಿಯ ಹೆಸರು ಫಾರ್ಸಿಯ ಬಾದಾಮ್‌ನಿಂದ ಬಂದದ್ದು. ಸುಮ್ನೆ ಎರಡನ್ನೂ ಗಂಟು ಹಾಕಬೇಡಿ.

ಉತ್ತರ 2:
ಹೀಗೆ ಎರವಲು ತರುತ್ತಾ ಹೋದರೆ ಕನ್ನಡದಲ್ಲಿ ಉಳಿಯುವುದು ಬರೀ ವಿಭಕ್ತಿ ಪ್ರತ್ಯಯ.

ಉತ್ತರ 1:
ಕಾಗದ, ಗುಲಾಬಿ, ಜಮೀನು ಎಲ್ಲವನ್ನೂ ವಾಪಸ್ ಕೊಡುತ್ತೀರಾ? 'ವಾಪಸ್' ಕೂಡ ಅಲ್ಲಿಯದೇ. ಗಿಡ ಇರಾನಿನದು, ಹೆಸರಲ್ಲಿ ಇರಾನಿನ ಪದ ಇದ್ದರೆ ಏನು ಕಷ್ಟ? ಶಿರಾಜ್ ಹತ್ತಿರ ದಶ್ತ್-ಎ-ಅರ್ಜನ್ ಅಂತ ಬಯಲೇ ಇದೆ. ಅರ್ಜನ್ ಅಂದರೂ ಕಾಡಿನ ಬಾದಾಮಿಯೇ. ಅಲ್ಲಿನ ಬಯಲಿಗೆ ಅದು ಹೆಸರಾಗಬಹುದು, ನಮ್ಮ ಚಿತ್ರಕ್ಕೆ ಆಗಬಾರದೇ?

ಉತ್ತರ 2:
ನಿಮ್ಮಿಷ್ಟ. ನಾನು ಓದುವುದಿಲ್ಲ.

ಕೇಳಿದವರು:
'ತಂಗ್ರಸ್ ಎಂಬ ಮುಳ್ಳುಬಾದಾಮಿ' ಅಂತ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್. ಅದೇ ಪುಟದಲ್ಲಿ ಅದರ ಜೊತೆಗೇ ಬೆಳೆಯುವ ಕಾಡುಪಿಸ್ತಾ ಮರವೂ ಇದೆ, ಅಲ್ಲಿಯವರು ಬನೆ ಅನ್ನುತ್ತಾರೆ. ಅದಕ್ಕೆ 'ಕಾಡುಪಿಸ್ತಾ' ನಡೆಯುತ್ತದಾ? ಉತ್ತರ 2ರವರನ್ನು ಬಿಟ್ಟು ಬೇರೆ ಯಾರಾದರೂ ಹೇಳಿ.